ನನ್ನ ಫ್ರೀಜರಿನಲ್ಲಿ ಅವರ ಮದುವೆ

ಫೆಬ್ರವರಿಯ ಒಂದು ಶನಿವಾರ ಮಿಲ್ಕಾ
ಬಾಗಿಲು ಬಡಿಯದೆ ಒಳಗೆ ಬಂದಳು.
"ವಾಸಿಲ್, ನಿನ್ನ ನೆಲಮಾಳಿಗೆಯ ಫ್ರೀಜರಿನಲ್ಲಿ
ಜಿಂಕೆ ಮಾಂಸ ಬಿಟ್ಟರೆ ಇನ್ನೇನಿದೆ?"
ಏನೂ ಇಲ್ಲ ಅಂದೆ.
"ಹಾಗಾದರೆ ಜಿಂಕೆಯನ್ನು ಮೂಲೆಗೆ ಸರಿಸು.
ಜೂನಿಗೆ ಡೋರೀನಳ ಮದುವೆ."

ಪೆನ್ಸಿಲ್ವೇನಿಯಾದ ಈ ನದಿ ದಂಡೆಯಲ್ಲಿ
ಮದುವೆ ಎಂದರೆ ಕೇಕಲ್ಲ, ಕುಕಿ.
ಉಡುಗೆ ಬಾಡಿಗೆಗೆ ಬಂದೀತು, ಬ್ಯಾಂಡು ಸಾಲಕ್ಕೆ ಬಂದೀತು,
ಕುಕಿ ಮಾತ್ರ ಅತ್ತೆ ಚಿಕ್ಕಮ್ಮಂದಿರ ಕೈಯಿಂದಲೇ ಬರಬೇಕು.
ಬಂದವರು ತಿನ್ನಬೇಕು, ತಿಂದು ಸಾಲದೆ
ಬಿಳಿ ಪೆಟ್ಟಿಗೆಗೆ ತುಂಬಿ ಮನೆಗೊಯ್ಯಬೇಕು.
ಉಕ್ಕಿನ ಮಿಲ್ಲು ಮುಚ್ಚಿದ ವರ್ಷವೂ
ಆ ಮೇಜು ಬರಿದಾಗಿರಲಿಲ್ಲ.
ಸಕ್ಕರೆ ಒಂದಿಷ್ಟು ಕಡಿಮೆ ಇತ್ತು.
ಯಾರೂ ಆಡಿಕೊಳ್ಳಲಿಲ್ಲ.

ವಾರಕ್ಕೊಂದು ಡಬ್ಬಿ ಬಂತು.
ಅಕ್ರೋಟದ ಕೊಂಬುಗಳು.
ಏಪ್ರಿಕಾಟ್ ಮುರಬ್ಬವನ್ನು
ಕೂಸಿನ ಹಾಗೆ ಸುತ್ತಿಟ್ಟ ಕೊಲಾಚ್ಕಿ.
ಗಂಡಿನ ಕಡೆಯ ಇಟಾಲಿಯನ್ ಅಜ್ಜಿ
ಕಾದ ಕಬ್ಬಿಣದಲ್ಲಿ ಒತ್ತಿ ತೆಗೆದ ಕಸೂತಿ, ಪಿಟ್ಸೆಲ್ಲೆ.
"ಅದು ಫ್ರೀಜರಿಗಲ್ಲ, ಮಾರಾಯ! ಒಣ ಡಬ್ಬಿಗೆ, ಕಪಾಟಿನ ಮೇಲೆ."

ಮಿಲ್ಕಾಳ ಕಾನೂನುಗಳು ನನಗೆ ಬಾಯಿಪಾಠ:
ಬಿಸಿಯಿರುವಾಗ ಮುಚ್ಚಬೇಡ, ಬೆವರುತ್ತವೆ.
ಪದರಕ್ಕೊಂದು ಮೇಣದ ಕಾಗದ.
ಸೋಂಪಿನ ಪಕ್ಕ ನಿಂಬೆಯನ್ನು ಮಲಗಿಸಬೇಡ,
ಬೆಳಗಾಗುವಷ್ಟರಲ್ಲಿ ನಿಂಬೆ ತನ್ನ ಹೆಸರು ಮರೆತಿರುತ್ತದೆ.
ಸಕ್ಕರೆ ಪುಡಿ ಉದುರಿಸುವುದು ಕೊನೆಯ ದಿನ, ಕೊನೆಯ ಗಂಟೆ.
ಮುಚ್ಚಳದ ಮೇಲೆ ಪೆನ್ಸಿಲಿನಲ್ಲಿ
ತಾರೀಖು, ಎಣಿಕೆ.

ಎಣಿಕೆ. ಅಲ್ಲೇ ನನ್ನ ಕಷ್ಟ ಶುರುವಾಯಿತು.

ಮಾರ್ಚಿನ ಒಂದು ರಾತ್ರಿ ಬಟ್ಟೆ ಒಗೆಯಲು ಇಳಿದವನು
ಸುಮ್ಮನೆ ಮುಚ್ಚಳ ಎತ್ತಿದೆ.
ಕಲ್ಲಿನಂತೆ ಗಟ್ಟಿ.
ಕಚ್ಚುವ ವಯಸ್ಸಲ್ಲ ನನ್ನದು;
ಕೆನ್ನೆಯೊಳಗೆ ಇಟ್ಟುಕೊಂಡು
ಒಗೆಯುವ ಯಂತ್ರ ಒಂದು ಸುತ್ತು ಮುಗಿಸುವ ತನಕ ಕಾದೆ.
ಮೊದಲು ಚಳಿ, ಆಮೇಲೆ ಬೆಣ್ಣೆ.
ಮರುದಿನವೂ ಒಗೆಯುವ ಬಟ್ಟೆ ಹುಡುಕಿದೆ.

ಹೀಗೆ ಬೇಲಿಯೇ ಎದ್ದು ಹೊಲ ಮೇಯತೊಡಗಿತು.
ಒಂದು ತೆಗೆದ ಕಡೆ ಬೊಕ್ಕು ಹಲ್ಲಿನ ಸಂದು;
ಉಳಿದವನ್ನು ಸರಿಸಿ ಸರಿಸಿ ಮುಚ್ಚುತ್ತಿದ್ದೆ,
ಭಾನುವಾರ ಇಗರ್ಜಿಯಲ್ಲಿ
ಮಿಲ್ಕಾಳ ಹಿಂದಿನ ಬೆಂಚಿನಲ್ಲಿ ಕೂತು
ಅವಳ ಬೆನ್ನಿಗೂ ಕಣ್ಣಿರಬಹುದೆಂದು ಹೆದರುತ್ತಿದ್ದೆ.

ಒಂಬತ್ತನೆಯ ಡಬ್ಬಿ ಮೇ ತಿಂಗಳಲ್ಲಿ ಬಂತು. ಗಸಗಸೆ.
ಕೆನ್ನೆಯಲ್ಲಿ ಕರಗಿತು. ಕಿತ್ತಳೆ ಸಿಪ್ಪೆ, ಜೇನು,
ಆಮೇಲೆ, ತುಂಬ ತಡವಾಗಿ, ಗಂಟಲ ಬಳಿ
ಕರಿಮೆಣಸು.

ಮೆಣಸು ಹಾಕುತ್ತಿದ್ದವಳು ಈ ಬೀದಿಯಲ್ಲಿ ಒಬ್ಬಳೇ.
ಪೌಲೀನ್ ಅದನ್ನು ಬರೆದಿಡಲಿಲ್ಲ.
ಕೇಳಿದವರಿಗೆಲ್ಲ "ಕೈ ಅಳತೆ" ಎಂದು ನಕ್ಕು
ಆ ಕೈಯನ್ನು ತನ್ನ ಜೊತೆಗೇ ಒಯ್ದಳು ಎಂದುಕೊಂಡಿದ್ದೆ,
ನಾಲ್ಕು ವರ್ಷ.

ಯಂತ್ರ ನಿಂತ ಮೇಲೂ
ಮೆಟ್ಟಿಲ ಮೇಲೆ ಕೂತೇ ಇದ್ದೆ.
ಆ ಡಬ್ಬಿಯಿಂದ ಎರಡನೆಯದನ್ನು ತೆಗೆಯಲಿಲ್ಲ.
ಬೇರೆ ಡಬ್ಬಿಗಳ ಬಗ್ಗೆ ಅಷ್ಟು ಖಚಿತವಾಗಿ ಹೇಳಲಾರೆ.

ಮದುವೆಯ ಹಿಂದಿನ ದಿನ ಮಿಲ್ಕಾ ಡಬ್ಬಿಗಳನ್ನು ಹೊರಗಿಟ್ಟು
ಮುಚ್ಚಳ ತೆಗೆಯದೆ ಆರು ಗಂಟೆ ಬಿಟ್ಟಳು,
ಹೊರಗಿನ ತೇವ ಹೊರಗೇ ಇರಲೆಂದು.
ಆಮೇಲೆ ಎಣಿಸಿದಳು. ನಾನು ಕಿಟಕಿ ನೋಡಿದೆ.
"ಐವತ್ತೆಂಟು ಕಡಿಮೆ," ಅಂದಳು.
"ಎಪ್ಪತ್ತೆರಡು ಹೋಗಬಹುದೆಂದು ಲೆಕ್ಕ ಹಾಕಿಯೇ
ಹಿಟ್ಟು ಕಲಸಿದ್ದೆ. ಹುಷಾರಿಲ್ಲವೇನು ನಿನಗೆ?"

ಗಸಗಸೆಯದು ಕೇಳಬೇಕೆಂದು ಬಾಯಿ ತೆರೆದೆ.
ಅವಳು ನನ್ನ ಕೈಗೆ ಜರಡಿ ಕೊಟ್ಟಳು,
"ಸಕ್ಕರೆ ಉದುರಿಸು. ತೆಳ್ಳಗೆ."

ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಮರುದಿನ
ಇನ್ನೂರು ಜನ ಸಾಲು ನಿಂತು ಪೆಟ್ಟಿಗೆ ತುಂಬಿಕೊಂಡರು.
ಗಂಡಿನ ಚಿಕ್ಕಪ್ಪನೊಬ್ಬ ಗಸಗಸೆಯದು ಕಚ್ಚಿ
ಒಂದು ಕ್ಷಣ ನಿಂತ, ಕೆಮ್ಮಿದ,
ಇನ್ನೂ ನಾಲ್ಕನ್ನು ಪೆಟ್ಟಿಗೆಗೆ ಹಾಕಿಕೊಂಡ.

ಕಾರುಗಳು ಒಂದೊಂದಾಗಿ ಹೊರಟವು,
ಕ್ಲೀವ್‌ಲ್ಯಾಂಡಿಗೆ, ಈರೀಗೆ, ಬಫಲೋಗೆ,
ಪೌಲೀನ್ ಒಮ್ಮೆಯೂ ನೋಡಿರದ ಊರುಗಳಿಗೆ.